ಹಗಲು ಇರುಳು ಸಮನಾದ ದಿನದ ಹಬ್ಬ

ಸೆಪ್ಟೆಂಬರಿನ ಕೊನೆಯ ವಾರ ಬಂತೆಂದರೆ ಲಂಡನ್ನಿನ ಹಗಲು ದಿನಕ್ಕೆ ಸುಮಾರು 4 ನಿಮಿಷದಂತೆ ಕರಗುತ್ತಿರುತ್ತದೆ. ವಾರಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ಅದೇ ದಿನಗಳಲ್ಲಿ ಬೆಂಗಳೂರಿನ ಹಗಲು ಕುಗ್ಗುವುದು ದಿನಕ್ಕೆ ಮುಕ್ಕಾಲು ನಿಮಿಷದಷ್ಟೂ ಅಲ್ಲ. ನಮ್ಮಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲೂ 11 ಗಂಟೆ 20 ನಿಮಿಷಕ್ಕೆ ಕಡಿಮೆಯಾಗುವುದಿಲ್ಲ. ಲಂಡನ್ನಿನಲ್ಲಿ ಅದು 8 ಗಂಟೆಯನ್ನೂ ಮುಟ್ಟುವುದಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಕತ್ತಲು ಕವಿಯುವ ಕಾಲ ಎದುರಿಗೆ ಬರುತ್ತಿದೆ ಎಂಬುದು ಅಲ್ಲಿಯವರಿಗೆ ಈ ವಾರದಲ್ಲೇ ಮೈಗೆ ತಟ್ಟುತ್ತದೆ. ಹಗಲೂ ರಾತ್ರಿಯೂ ಸರಿಸಮನಾಗುವ ಸೆಪ್ಟೆಂಬರ್ 22 ಅಥವಾ 23ರ ಶರದ್ ವಿಷುವ ನಮಗೆ ಭೂಗೋಳ ಪಾಠದ ಒಂದು ಸಾಲಾಗಿ ಉಳಿದರೆ, ಅವರಲ್ಲಿ ಕೆಲವರಿಗೆ ಹಬ್ಬವಾಗಿರುವುದಕ್ಕೆ ಮೂಲ ಕಾರಣ ಇದು.

ಆ ಕೆಲವರು ಪೇಗನ್ನರು. ಕ್ರೈಸ್ತಮತ ಬರುವ ಮೊದಲು ಯುರೋಪಿನಲ್ಲಿದ್ದ ದೇವದೇವಿಯರನ್ನು, ಮರ, ಕಲ್ಲು, ಹೊಳೆ, ಋತುಗಳನ್ನು ಮತ್ತೆ ಪೂಜೆಗೆ ತಂದುಕೊಂಡವರು. ವಿಕ್ಕಾ, ಡ್ರೂಯಿಡ್, ಹೀದನ್ ಎಂದು ಇವರಲ್ಲಿ ಹಲವು ಪಂಥಗಳಿವೆ. ಎಲ್ಲರಿಗೂ ಸೇರಿ ಒಂದು ಧರ್ಮಗ್ರಂಥವಿಲ್ಲ, ಒಬ್ಬ ಗುರುವಿಲ್ಲ, ಮಠವಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 74,000 ಮಂದಿ ತಮ್ಮ ಧರ್ಮ ಪೇಗನ್ ಎಂದು ಬರೆಸಿದರು. ಹತ್ತು ವರ್ಷ ಹಿಂದೆ ಆ ಸಂಖ್ಯೆ 57,000 ಇತ್ತು. ವಿಕ್ಕಾ ಎಂದೇ ಬೇರೆಯಾಗಿ ಬರೆಸಿದವರು ಇನ್ನೂ 13,000 ಮಂದಿ. ಸಣ್ಣ ಸಮುದಾಯ, ಆದರೆ ಬೆಳೆಯುತ್ತಿದೆ.

ಇವರ ವರ್ಷದಲ್ಲಿ ಎಂಟು ಹಬ್ಬಗಳಿವೆ. ಎರಡು ವಿಷುವ, ಎರಡು ಅಯನ, ಅವುಗಳ ನಡುನಡುವೆ ಬರುವ ನಾಲ್ಕು ಋತುಸಂಧಿಗಳು. ಇಡೀ ಸುತ್ತನ್ನು ವರ್ಷಚಕ್ರ ಎನ್ನುತ್ತಾರೆ. ಆಗಸ್ಟ್ ಮೊದಲ ದಿನದ ಲೂನಸಾ ಧಾನ್ಯದ ಕೊಯ್ಲಿನದು, ಅಕ್ಟೋಬರ್ ಕೊನೆಯ ಸಾವಿನ್ ಗತಿಸಿದವರದು. ಇವೆರಡರ ಮಧ್ಯೆ ಬರುವ ಶರದ್ ವಿಷುವಕ್ಕೆ ಮಾಬೊನ್ ಎಂಬ ಹೆಸರಿದೆ. ಡ್ರೂಯಿಡರು ಇದನ್ನು ಆಲ್ಬನ್ ಎಲ್ವೆಡ್ ಎನ್ನುತ್ತಾರೆ. ಇದು ಹಣ್ಣಿನ ಸುಗ್ಗಿ. ಸೇಬು, ಪೇರ್, ಬ್ಲ್ಯಾಕ್‌ಬೆರಿ, ಹೇಝಲ್ ಕಾಯಿ ಎಲ್ಲ ಒಟ್ಟಿಗೆ ಕೈಗೆ ಬರುವ ಕಾಲ.

ಹಬ್ಬದ ಆಚರಣೆ ಬಹಳ ಸರಳ. ಹೆಚ್ಚಿನವರು ಮನೆಯಲ್ಲೇ, ಇಲ್ಲವೇ ಹಿತ್ತಲಲ್ಲೇ ಮುಗಿಸುತ್ತಾರೆ. ಒಂದು ಸಣ್ಣ ಮೇಜಿನ ಮೇಲೆ ಕೆಂಪು, ಕಂದು ಬಣ್ಣದ ಬಟ್ಟೆ ಹಾಸಿ, ಉದುರಿದ ಓಕ್ ಎಲೆ, ಓಕ್ ಕಾಯಿ, ಗೋಧಿ ತೆನೆ, ಆ ವರ್ಷದ ಹಣ್ಣುಗಳನ್ನು ಜೋಡಿಸುತ್ತಾರೆ. ಬೆಳಕಿಗೊಂದು, ಕತ್ತಲಿಗೊಂದು ಎಂದು ಎರಡು ಮೇಣದಬತ್ತಿಗಳನ್ನು ಸಮವಾಗಿ ಇಡುವವರಿದ್ದಾರೆ. ಗುಂಪಾಗಿ ಮಾಡುವವರು ವೃತ್ತಾಕಾರವಾಗಿ ನಿಂತು ನಾಲ್ಕು ದಿಕ್ಕುಗಳನ್ನು ಕರೆಯುತ್ತಾರೆ: ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಆಮೇಲೆ ಒಬ್ಬೊಬ್ಬರೂ ಈ ವರ್ಷ ತಮಗೆ ದಕ್ಕಿದ್ದೇನು, ಬಿಟ್ಟುಕೊಡಬೇಕಾದದ್ದೇನು ಎಂದು ಹೇಳುತ್ತಾರೆ. ಸೇಬನ್ನು ತೊಟ್ಟಿನಿಂದ ಕೆಳಕ್ಕೆ ಸೀಳದೆ ನಡುವಿಗೆ ಅಡ್ಡಲಾಗಿ ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದಾಗ ಬೀಜದ ಐದು ಕೋಣೆಗಳು ಐದು ಮೂಲೆಯ ನಕ್ಷತ್ರವಾಗಿ ಕಾಣುತ್ತವೆ. ವಿಕ್ಕಾದವರಿಗೆ ಈ ನಕ್ಷತ್ರ ಪವಿತ್ರ ಚಿಹ್ನೆ. ಅರ್ಧ ಹಣ್ಣನ್ನು ಹಂಚಿ ತಿಂದು, ಇನ್ನರ್ಧವನ್ನು ಮಣ್ಣಿಗೆ ಕೊಡುವುದುಂಟು. ಕೊನೆಗೆ ರೊಟ್ಟಿ ಮುರಿದು, ಸೇಬಿನ ಮದ್ಯವನ್ನೋ ಹಣ್ಣಿನ ರಸವನ್ನೋ ಕೈಯಿಂದ ಕೈಗೆ ದಾಟಿಸಿ, ಮೊದಲ ಗುಟುಕನ್ನು ನೆಲಕ್ಕೆ ಎರೆಯುತ್ತಾರೆ.

ಇದೆಲ್ಲ ಸಾವಿರಾರು ವರ್ಷಗಳಿಂದ ನಡೆದುಬಂದದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಂಟು ಹಬ್ಬಗಳ ಈ ಚಕ್ರ ಇಡಿಯಾಗಿ ಉರುಳತೊಡಗಿದ್ದು 1950ರ ದಶಕದಲ್ಲಿ. ವಿಕ್ಕಾವನ್ನು ಜಗತ್ತಿಗೆ ಪರಿಚಯಿಸಿದ ಜೆರಾಲ್ಡ್ ಗಾರ್ಡ್ನರ್ ವೃತ್ತಿಯಲ್ಲಿ ಪೂಜಾರಿಯಲ್ಲ. ಸಿಲೋನಿನ ಟೀ ತೋಟದಲ್ಲಿ, ಬೋರ್ನಿಯೋದಲ್ಲಿ, ಮಲಯದ ಕಸ್ಟಮ್ಸ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದವರು. ಮಾಟಗಾತಿಯರ ವಿರುದ್ಧದ ಹಳೆಯ ಕಾನೂನು 1951ರಲ್ಲಿ ರದ್ದಾದ ಮೇಲೆ, 1954ರಲ್ಲಿ ಅವರ ಪುಸ್ತಕ ‘ವಿಚ್‌ಕ್ರಾಫ್ಟ್ ಟುಡೇ’ ಬಂತು. ಮೊದಮೊದಲು ಅವರ ಗುಂಪು ನಾಲ್ಕು ಋತುಸಂಧಿಗಳನ್ನು ಮಾತ್ರ ದೊಡ್ಡದಾಗಿ ಆಚರಿಸುತ್ತಿತ್ತು. ವಿಷುವ, ಅಯನಗಳನ್ನು ಹತ್ತಿರದ ಹುಣ್ಣಿಮೆಯ ಕೂಟಕ್ಕೇ ಸೇರಿಸಿಬಿಡುತ್ತಿದ್ದರು. 1958ರಲ್ಲಿ ಗುಂಪಿನ ಸದಸ್ಯರು ಅವುಗಳಿಗೂ ಅವುಗಳದೇ ದಿನ ಬೇಕೆಂದರು, ಗಾರ್ಡ್ನರ್ ಒಪ್ಪಿದರು. ಅವರ ಗೆಳೆಯ ರಾಸ್ ನಿಕೋಲ್ಸ್ ಇದೇ ಎಂಟನ್ನು ಡ್ರೂಯಿಡರ ಕಡೆಗೂ ಒಯ್ದರು. 1964ರಲ್ಲಿ ಅವರು ಕಟ್ಟಿದ ಸಂಘ ಇಂದಿಗೂ ಅದನ್ನು ಪಾಲಿಸುತ್ತಿದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ 1990ರ ದಶಕದಲ್ಲಿ ಬರೆದ ಎರಡು ದೊಡ್ಡ ಗ್ರಂಥಗಳಲ್ಲಿ ಈ ಚರಿತ್ರೆಯನ್ನು ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ. ಎಂಟನ್ನೂ ಒಟ್ಟಾಗಿ ಆಚರಿಸುತ್ತಿದ್ದ ಪ್ರಾಚೀನ ಜನಾಂಗ ಯಾವುದೂ ಇರಲಿಲ್ಲ. ಅದರಲ್ಲೂ ಶರದ್ ವಿಷುವಕ್ಕೆ ಪ್ರಾಚೀನ ಬ್ರಿಟನ್ನಿನಲ್ಲಿ ಹಬ್ಬವಿತ್ತು ಎನ್ನಲು ಪುರಾವೆ ತೀರಾ ಕಡಿಮೆ.

ನನಗೆ ಮೆಚ್ಚುಗೆಯಾದದ್ದು ಪೇಗನ್ನರು ಇದಕ್ಕೆ ಪ್ರತಿಕ್ರಿಯಿಸಿದ ರೀತಿ. ತಮ್ಮ ಧರ್ಮ ಅನಾದಿಯಲ್ಲ, ಅಜ್ಜಂದಿರ ಕಾಲದ್ದು ಎಂದು ವಿದ್ವಾಂಸನೊಬ್ಬ ದಾಖಲೆ ಸಮೇತ ಬರೆದರೆ ಪುಸ್ತಕ ಸುಡುವ ಮಾತು ಏಳುವ ಕಾಲ ಇದು. ಸಿಟ್ಟಾದ ಪೇಗನ್ನರೂ ಇದ್ದರು, ನಿಜ. ಆದರೆ ಬಹುಪಾಲು ಜನ ಹಟನ್‌ರನ್ನು ಓದಿದರು, ತಮ್ಮ ಸಭೆಗಳಿಗೆ ಕರೆದು ಮಾತಾಡಿಸಿದರು, ಹಬ್ಬ ಹೊಸದೆಂದು ಒಪ್ಪಿಕೊಂಡರು, ಆಚರಣೆಯನ್ನು ಮುಂದುವರಿಸಿದರು.

ಮಾಬೊನ್ ಎಂಬ ಹೆಸರಂತೂ ಇನ್ನೂ ಇತ್ತೀಚಿನದು. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಏಡನ್ ಕೆಲ್ಲಿ ಎಂಬ ವಿಕ್ಕಾ ಪಂಥದ ಕವಿ-ವಿದ್ವಾಂಸ ಪೇಗನ್ ಪಂಚಾಂಗವೊಂದನ್ನು ತಯಾರಿಸುತ್ತಿದ್ದರು. ಉಳಿದ ಹಬ್ಬಗಳಿಗೆ ಚೆಂದದ ಹಳೆಯ ಹೆಸರುಗಳಿದ್ದವು, ಇದಕ್ಕೆ ಮಾತ್ರ ಇರಲಿಲ್ಲ. ಗ್ರೀಸಿನ ಎಲ್ಯೂಸಿಸ್‌ನಲ್ಲಿ ಇದೇ ಋತುವಿನಲ್ಲಿ ಡಿಮೀಟರ್ ದೇವಿಯ ರಹಸ್ಯ ಪೂಜೆಗಳು ನಡೆಯುತ್ತಿದ್ದವು: ಪಾತಾಳದ ಒಡೆಯ ಕದ್ದೊಯ್ದ ಮಗಳಿಗಾಗಿ ತಾಯಿ ಅಳುತ್ತಾಳೆ, ಭೂಮಿ ಬರಡಾಗುತ್ತದೆ. ಅಂಥದೇ ಕಥೆ ಉತ್ತರ ಯುರೋಪಿನಲ್ಲೂ ಇದೆಯೇ ಎಂದು ಕೆಲ್ಲಿ ಹುಡುಕಿದರು. ವೇಲ್ಸ್‌ನ ಮಧ್ಯಯುಗದ ಕಥಾಗುಚ್ಛ ‘ಮಾಬಿನೋಗಿಯನ್’ನಲ್ಲಿ ಮಾಬೊನ್ ಸಿಕ್ಕಿದ. ‘ಗ್ರೀನ್ ಎಗ್’ ಎಂಬ ಪೇಗನ್ ಪತ್ರಿಕೆಯ ಮೂಲಕ ಆ ಹೆಸರು ಅಮೆರಿಕದ ಉದ್ದಗಲಕ್ಕೆ ಹರಡಿತು, ಅಲ್ಲಿಂದ ಸಮುದ್ರ ದಾಟಿ ಬ್ರಿಟನ್ನಿಗೇ ವಾಪಸು ಬಂತು.

ಮಾಬೊನ್‌ನ ಕಥೆ ಹಬ್ಬದ ಹಂಗಿಲ್ಲದೆಯೂ ಓದಬೇಕಾದದ್ದು. ಹುಟ್ಟಿ ಮೂರು ರಾತ್ರಿ ಕಳೆಯುವಷ್ಟರಲ್ಲಿ ತಾಯಿ ಮೊದ್ರೊನಳ ಮಗ್ಗುಲಿನಿಂದ ಮಗು ಕಾಣೆಯಾಯಿತು. ಎಲ್ಲಿದ್ದಾನೆ, ಬದುಕಿದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ಘೋರ ಕಾಡುಹಂದಿಯೊಂದರ ಬೇಟೆಗೆ ಅವನೇ ಬೇಕಾಗಿದ್ದರಿಂದ ದೊರೆ ಆರ್ಥರ್‌ನ ಜನ ಹುಡುಕುತ್ತ ಹೊರಟು, ಜಗತ್ತಿನ ಅತಿ ಹಳೆಯ ಪ್ರಾಣಿಗಳನ್ನು ಒಂದೊಂದಾಗಿ ಕೇಳುತ್ತಾರೆ. ಕರಿಹಕ್ಕಿ ಹೇಳುತ್ತದೆ: ನಾನು ಮರಿಯಾಗಿದ್ದಾಗ ಇಲ್ಲಿ ಕಮ್ಮಾರನ ಅಡಿಗಲ್ಲಿತ್ತು, ದಿನಾ ಸಂಜೆ ಅದಕ್ಕೆ ಕೊಕ್ಕು ಉಜ್ಜಿ ಉಜ್ಜಿ ಈಗ ಅದು ಕಾಯಿಯಷ್ಟಾಗಿದೆ, ಆದರೂ ಮಾಬೊನ್‌ನ ಸುದ್ದಿ ಕೇಳಿಲ್ಲ. ಮುಂದಿನದು ಜಿಂಕೆ. ಓಕ್ ಸಸಿಯೊಂದು ನೂರು ಕೊಂಬೆಯ ಮರವಾಗಿ, ಬಿದ್ದು, ಕೆಂಪು ಮೋಟಾಗುವವರೆಗೂ ಅದು ಅಲ್ಲೇ ಇತ್ತು, ಅದಕ್ಕೂ ಗೊತ್ತಿಲ್ಲ. ಗೂಬೆಯ ಕಣ್ಣೆದುರು ಒಂದೇ ಕಣಿವೆಯಲ್ಲಿ ಮೂರು ಕಾಡುಗಳು ಬೆಳೆದಿವೆ, ಅದರ ರೆಕ್ಕೆಗಳು ಸವೆದು ಮೋಟಾಗಿವೆ, ಅದಕ್ಕೂ ಗೊತ್ತಿಲ್ಲ. ಹದ್ದು ಯಾವ ಬಂಡೆಯ ತುದಿಯಲ್ಲಿ ಕೂತು ನಕ್ಷತ್ರಗಳನ್ನು ಕುಕ್ಕುತ್ತಿತ್ತೋ ಆ ಬಂಡೆ ಈಗ ಗೇಣುದ್ದ ಉಳಿದಿದೆ. ಅದಕ್ಕೂ ಗೊತ್ತಿಲ್ಲ, ಆದರೆ ಬಲ್ಲವನೊಬ್ಬನನ್ನು ಅದು ಬಲ್ಲದು: ಸಾಲ್ಮನ್ ಮೀನು. ಹಿಂದೊಮ್ಮೆ ಹದ್ದು ಅದನ್ನು ಹಿಡಿಯಲು ಹೋಗಿ ನೀರಿನಾಳಕ್ಕೆ ಎಳೆಯಲ್ಪಟ್ಟಿತ್ತು. ಆಮೇಲೆ ರಾಜಿಯಾಗಿ, ಮೀನಿನ ಬೆನ್ನಿಗೆ ನಾಟಿದ್ದ ಐವತ್ತು ಈಟಿಗಳನ್ನು ಕಿತ್ತುಕೊಟ್ಟಿತ್ತು. ಪ್ರತಿ ಉಬ್ಬರಕ್ಕೂ ನದಿಯಲ್ಲಿ ಮೇಲೇರಿ ಹೋಗುತ್ತಿದ್ದ ಆ ಮೀನು ಗ್ಲೋಸ್ಟರ್ ಕೋಟೆಯ ಗೋಡೆಯೊಳಗಿಂದ ಅಳು ಕೇಳಿಸುವುದನ್ನು ಹೇಳುತ್ತದೆ, ಹುಡುಕುತ್ತ ಬಂದವರಲ್ಲಿ ಇಬ್ಬರನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ಯುತ್ತದೆ. ಆರ್ಥರ್‌ನ ಪಡೆ ಕೋಟೆಗೆ ಮುತ್ತಿಗೆ ಹಾಕುತ್ತದೆ; ಕೈ ಎಂಬ ಹೆಸರಿನ ವೀರ ಗೋಡೆ ಒಡೆದು ಸೆರೆಯಾಳನ್ನು ಬೆನ್ನ ಮೇಲೆ ಹೊತ್ತು ತರುತ್ತಾನೆ.

ಕಥೆಯಲ್ಲಿ ವಿಷುವದ ಮಾತೇ ಇಲ್ಲ. ಇದೇ ಕಾರಣಕ್ಕೆ ಪೇಗನ್ನರಲ್ಲೇ ಜಗಳವಿದೆ. ವೇಲ್ಸ್‌ನ ಪರಂಪರೆಯನ್ನು ಗಂಭೀರವಾಗಿ ಪಾಲಿಸುವವರು, ನಮ್ಮ ದೇವರ ಹೆಸರನ್ನು ಸಂಬಂಧವಿಲ್ಲದ ದಿನಕ್ಕೆ ಅಂಟಿಸಿದ್ದಾರೆ ಎಂದು ನೊಂದುಕೊಳ್ಳುತ್ತಾರೆ. ಅವರ ಮಾತು ಸರಿ. ಮಾಬೊನ್‌ನ ಪೂರ್ವಜನೆನ್ನಲಾದ ಮಪೊನೊಸ್ ದೇವರಿಗೆ ಉತ್ತರ ಇಂಗ್ಲೆಂಡಿನಲ್ಲಿ ರೋಮನ್ ಸೈನಿಕರು ಕೆತ್ತಿಸಿದ ಶಾಸನಗಳು ಈಗಲೂ ಇವೆ. ಚರಿತ್ರೆಯುಳ್ಳ ದೇವರನ್ನು ಖಾಲಿ ಜಾಗ ತುಂಬಲು ಬಳಸುವಾಗ ಇನ್ನಷ್ಟು ಎಚ್ಚರ ಬೇಕಿತ್ತು. ಹೀಗಾಗಿ ಎಷ್ಟೋ ಮಂದಿ ಸುಮ್ಮನೆ ಶರದ್ ವಿಷುವ ಎಂದೋ, ಇಂಗ್ಲಿಷ್ ರೈತರ ಹಳೆಯ ಮಾತಿನಂತೆ ಹಾರ್ವೆಸ್ಟ್ ಹೋಮ್ ಎಂದೋ ಕರೆಯುತ್ತಾರೆ. ಕೊನೆಯ ಗಾಡಿ ಪೈರು ಮನೆ ಸೇರಿದ ರಾತ್ರಿ ಆಳುಕಾಳು, ಯಜಮಾನ ಎಲ್ಲ ಒಂದೇ ಪಂಕ್ತಿಯಲ್ಲಿ ಉಣ್ಣುವ ಊಟಕ್ಕೆ ಆ ಹೆಸರಿತ್ತು. ಅದು ಕುಡಿತದ ಗಲಾಟೆಯೂ ಆಗುತ್ತಿತ್ತು. 1843ರಲ್ಲಿ ಕಾರ್ನ್‌ವಾಲ್‌ನ ಮೊರ್ವೆನ್‌ಸ್ಟೋ ಊರಿನ ಪಾದ್ರಿ ರಾಬರ್ಟ್ ಹಾಕರ್ ಹೊಸ ಫಸಲಿನ ರೊಟ್ಟಿಯೊಂದಿಗೆ ಚರ್ಚಿನಲ್ಲಿ ಸುಗ್ಗಿ ಪ್ರಾರ್ಥನೆ ಆರಂಭಿಸಿದರು. ಇಂದು ಬ್ರಿಟನ್ನಿನ ಶಾಲೆ, ಚರ್ಚುಗಳಲ್ಲೆಲ್ಲ ನಡೆಯುವ ಸುಗ್ಗಿ ಹಬ್ಬ ಅಲ್ಲಿಂದ ಬೆಳೆದದ್ದು. ಕ್ರೈಸ್ತರ ಸುಗ್ಗಿ ಹಬ್ಬಕ್ಕೂ ವಯಸ್ಸು ಇನ್ನೂರು ತುಂಬಿಲ್ಲ.

ನಿಜಕ್ಕೂ ಹಳೆಯದೆನ್ನಬಹುದಾದದ್ದು ಹೊಲದ ಕೊನೆಯ ಸಿವುಡಿನ ಗೌರವ. ಆ ಹುಲ್ಲಿನಿಂದ ಹೆಣೆದ ಕಾರ್ನ್ ಡಾಲಿಯನ್ನು ಮುಂದಿನ ಬಿತ್ತನೆಯವರೆಗೆ ಮನೆಯಲ್ಲಿ ತೂಗುಹಾಕುತ್ತಿದ್ದರು. ಇಂದು ಪೇಗನ್ನರ ಮನೆಗಳಲ್ಲಿ ಮಾಬೊನ್‌ಗೆ ಅದನ್ನು ಹೆಣೆಯುತ್ತಾರೆ. ಮೊದಲ ಕಷ್ಟ ಹುಲ್ಲಿನದು. ಹಸಿರು ಕ್ರಾಂತಿಯ ನಂತರದ ಗೋಧಿ ಗಿಡ್ಡ, ಕಾಂಡ ದಪ್ಪ. ಯಂತ್ರ ಅದನ್ನೂ ಪುಡಿಮಾಡಿಬಿಡುತ್ತದೆ. ಹಾಗಾಗಿ ಮಾರಿಸ್ ವಿಜನ್‌ನಂಥ ಉದ್ದ ಹುಲ್ಲಿನ ತಳಿಯನ್ನು ಹುಡುಕಬೇಕು. ಹುಲ್ಲಿನ ಸೂರು ಹೊದಿಸುವವರಿಗಾಗಿ ಕೆಲವು ರೈತರು ಅದನ್ನು ಇನ್ನೂ ಬೆಳೆಯುತ್ತಾರೆ. ತೆನೆಯಿಂದ ಮೊದಲ ಗಿಣ್ಣಿನವರೆಗೆ ಕತ್ತರಿಸಿ, ಹೊದ್ದ ಎಲೆ ಸುಲಿದು, ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಐದು ಕಡ್ಡಿಗಳನ್ನು ತೆನೆಯ ಬುಡದಲ್ಲಿ ಬಿಗಿದು ನಾಲ್ಕು ದಿಕ್ಕಿಗೆ ಹರಡಿದರೆ ಒಂದು ದಿಕ್ಕಿಗೆ ಎರಡು ಬರುತ್ತವೆ. ಆ ಜೋಡಿಯಲ್ಲಿ ಒಂದನ್ನು ಎತ್ತಿ ಪಕ್ಕದ್ದರ ಮೇಲೆ ಹಾಯಿಸಿ ಮುಂದಿನ ದಿಕ್ಕಿಗೆ ಮಲಗಿಸುವುದು, ಕಾಲು ಸುತ್ತು ತಿರುಗಿಸುವುದು, ಮತ್ತೆ ಅದೇ. ಕಡ್ಡಿ ಮುಗಿದರೆ ಹೊಸ ಕಡ್ಡಿಯ ಸಣ್ಣ ತುದಿಯನ್ನು ಹಳೆಯದರ ಟೊಳ್ಳಿಗೆ ಸಿಕ್ಕಿಸಿದರಾಯಿತು. ಹೆಣಿಗೆ ಹೊರಕ್ಕೆ ಹೊರಳುತ್ತ ಹೊಟ್ಟೆ ಬಿಟ್ಟು, ಒಳಕ್ಕೆ ಹೊರಳುತ್ತ ಸಣ್ಣಗಾಗಿ, ಸುರುಳಿಯಾಗಿ ಮೇಲೇರುತ್ತದೆ. ಹುಲ್ಲು ಒಣಗಿತೋ ಪಟ್ಟನೆ ಮುರಿಯುತ್ತದೆ. ಭಾಷಣ, ಮಂತ್ರಗಳಿಗಿಂತ ಈ ಹೆಣಿಗೆಯಲ್ಲೇ ಹಬ್ಬ ಹೆಚ್ಚು ಇದೆ ಎಂದು ನನಗನ್ನಿಸುತ್ತದೆ. ತಿನ್ನುವ ಅನ್ನದ ಗಿಡ ಹೇಗಿರುತ್ತದೆಂದು ಬೆರಳಿಗೆ ತಿಳಿಯುವುದು ಆಗಲೇ.

ವಿಷುವದ ಸಾರ್ವಜನಿಕ ಆಚರಣೆಗೆ ಮಾತ್ರ ಗಾರ್ಡ್ನರ್ ಕಾಲಕ್ಕಿಂತ ಹಳೆಯ ಬೇರಿದೆ. 1792ರ ಸೆಪ್ಟೆಂಬರ್ 22ರಂದು ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ವೇಲ್ಸ್ ಮೂಲದ ಕವಿಗಳು ಕಲ್ಲುಗಳ ವೃತ್ತದಲ್ಲಿ ಸೇರಿದ್ದನ್ನು ಆ ಕಾಲದ ಪತ್ರಿಕೆಗಳು ವರದಿ ಮಾಡಿವೆ. ಅದು ವಿಷುವದ ದಿನ. ಅದರ ಹಿಂದಿದ್ದ ಎಡ್ವರ್ಡ್ ವಿಲಿಯಮ್ಸ್ ಅಥವಾ ಯೋಲೊ ಮೊರ್ಗಾನುಗ್ ಕಸುಬಿನಿಂದ ಕಲ್ಲುಕುಟಿಗ. ಅಸಾಧಾರಣ ಕವಿ, ಅಷ್ಟೇ ಅಸಾಧಾರಣ ನಕಲಿ ದಾಖಲೆಗಳ ಕರ್ತೃ. ಡ್ರೂಯಿಡರ ಪುರಾತನ ವಿಧಿಗಳೆಂದು ಅವರು ಮುಂದಿಟ್ಟದ್ದರಲ್ಲಿ ಬಹುಪಾಲು ಅವರದೇ ಸೃಷ್ಟಿ. ಆಲ್ಬನ್ ಎಲ್ವೆಡ್ ಎಂಬ ಹೆಸರೂ ಅವರ ಕೈಯಿಂದಲೇ ಬಂದದ್ದು. ಇದೇ ಮನುಷ್ಯ ಗುಲಾಮರ ದುಡಿಮೆಯ ವೆಸ್ಟ್ ಇಂಡೀಸ್ ಸಕ್ಕರೆಯನ್ನು ಮುಟ್ಟದೆ, ತಮ್ಮ ಅಂಗಡಿಯಲ್ಲಿ ಈಸ್ಟ್ ಇಂಡಿಯಾದ ಸಕ್ಕರೆಯನ್ನಷ್ಟೇ ಮಾರಿದವರು. ಫ್ರಾನ್ಸಿನ ಕ್ರಾಂತಿಯನ್ನು ಎದೆತುಂಬಿ ಬೆಂಬಲಿಸಿದವರು. ಫ್ರಾನ್ಸಿನ ಹೊಸ ಗಣರಾಜ್ಯದ ಪಂಚಾಂಗದ ಮೊದಲ ವರ್ಷದ ಮೊದಲ ದಿನವೂ 1792ರ ಸೆಪ್ಟೆಂಬರ್ 22 ಎಂದು ಮರುವರ್ಷ ತೀರ್ಮಾನವಾಯಿತು. ಯೋಲೊ ಆರಂಭಿಸಿದ ಕವಿಗೋಷ್ಠಿ ಇಂದು ವೇಲ್ಸ್‌ನ ರಾಷ್ಟ್ರೀಯ ಸಾಹಿತ್ಯೋತ್ಸವದ ಭಾಗ. ಅಲ್ಲಿ ಖಡ್ಗವನ್ನು ಒರೆಯಿಂದ ಅರ್ಧ ಎಳೆದು, ಶಾಂತಿಯಿದೆಯೇ ಎಂದು ಮೂರು ಬಾರಿ ಕೇಳುತ್ತಾರೆ, ಇದೆ ಎಂದು ಸಭೆ ಕೂಗಿದ ಮೇಲೆಯೇ ಮುಂದುವರಿಯುತ್ತಾರೆ. ಪ್ರಿಮ್‌ರೋಸ್ ಗುಡ್ಡಕ್ಕೆ ಬಿಳಿ ನಿಲುವಂಗಿಯ ಡ್ರೂಯಿಡರು ಶರದ್ ವಿಷುವದಂದು ಈಗಲೂ ಬರುತ್ತಾರೆ.

ಇನ್ನೊಂದು ಜಾಗ ಸ್ಟೋನ್‌ಹೆಂಜ್. ಸುಮಾರು 4,500 ವರ್ಷ ಹಿಂದೆ, ಒಂದೊಂದೂ ಸರಾಸರಿ 25 ಟನ್ ತೂಗುವ ಕಲ್ಲುಗಳನ್ನು ನಿಲ್ಲಿಸಿದವರು ನೋಡಿದ್ದು ಅಯನಗಳ ಸೂರ್ಯನನ್ನು, ವಿಷುವದ ಸೂರ್ಯನನ್ನಲ್ಲ. ಆದರೂ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ವರ್ಷಕ್ಕೆ ನಾಲ್ಕು ಬಾರಿ, ಎರಡು ಅಯನ ಮತ್ತು ಎರಡು ವಿಷುವಗಳಿಗೆ, ಕಲ್ಲಿನ ವೃತ್ತದೊಳಕ್ಕೆ ಜನರನ್ನು ಬಿಡುತ್ತದೆ. ಈ ಅವಕಾಶ ಸುಲಭವಾಗಿ ಬಂದದ್ದಲ್ಲ. 1985ರ ಜೂನ್ 1ರಂದು ಅಲ್ಲಿಗೆ ಉತ್ಸವಕ್ಕೆ ಹೊರಟಿದ್ದ ಅಲೆಮಾರಿ ತಂಡವನ್ನು ಪೊಲೀಸರು ಹೊಲವೊಂದರಲ್ಲಿ ತಡೆದು ಬಡಿದರು, 500ಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಮುಂದೆ ಎಷ್ಟೋ ವರ್ಷ ಅಯನದ ದಿನ ಅಲ್ಲಿಗೆ ಪ್ರವೇಶವಿರಲಿಲ್ಲ. ಎಲ್ಲರಿಗೂ ಬಾಗಿಲು ಮತ್ತೆ ತೆರೆದದ್ದು 2000ದಲ್ಲಿ.

ವಿಷುವವನ್ನು ಪ್ರಾಚೀನರು ಲೆಕ್ಕಕ್ಕೇ ಇಟ್ಟಿರಲಿಲ್ಲವೆನ್ನಲೂ ಆಗದು. ಐರ್ಲೆಂಡಿನ ಮೀತ್ ಜಿಲ್ಲೆಯ ಲೋಕ್ರೂ ಬೆಟ್ಟದಲ್ಲಿ 5,000 ವರ್ಷ ಹಳೆಯ ಕಲ್ಗುಡ್ಡೆಯ ಸಮಾಧಿಯಿದೆ. ವಿಷುವದ ಆಸುಪಾಸಿನ ದಿನಗಳಲ್ಲಿ ಉದಯದ ಕಿರಣ ಅದರ ಇಕ್ಕಟ್ಟಾದ ಹಾದಿಯನ್ನು ಹಾದು ಹಿಂಬದಿಯ ಕಲ್ಲಿಗೆ ಬೀಳುತ್ತದೆ. ಅಲ್ಲಿ ಸೂರ್ಯನಂಥ, ಹೂವಿನಂಥ ಚಿತ್ರಗಳನ್ನು ಕೊರೆದಿದ್ದಾರೆ. ಮಾರ್ಟಿನ್ ಬ್ರೆನನ್ ಎಂಬ ಸಂಶೋಧಕ 1980ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು.

ನಮ್ಮ ಪಂಚಾಂಗಕ್ಕೂ ಇದಕ್ಕೂ ಒಂದು ನೆಂಟಸ್ತಿಕೆಯಿದೆ. ಅಕ್ಟೋಬರ್ 17ರ ಸುಮಾರಿಗೆ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವುದು ತುಲಾ ಸಂಕ್ರಮಣದಂದು. ಸುಮಾರು 1,700 ವರ್ಷ ಹಿಂದೆ ತುಲಾ ಸಂಕ್ರಮಣವೂ ಶರದ್ ವಿಷುವವೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ವಿಷುವದ ಬಿಂದು ನಕ್ಷತ್ರಗಳ ನಡುವೆ ಸರಿಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತದೆ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ನಡೆಯುವುದರಿಂದ ಈಗ ಎರಡರ ನಡುವೆ ಮೂರು ವಾರಕ್ಕೂ ಮೀರಿದ ಅಂತರ ಬಿದ್ದಿದೆ. ಆಸ್ಟ್ರೇಲಿಯಾದ ಪೇಗನ್ನರ ಫಜೀತಿ ಬೇರೆ: ಅವರ ಶರತ್ಕಾಲ ಬರುವುದು ಮಾರ್ಚಿನಲ್ಲಿ. ಆದ್ದರಿಂದ ಅವರು ಚಕ್ರವನ್ನೇ ತಿರುಗಿಸಿ ಮಾಬೊನ್ ಅನ್ನು ಮಾರ್ಚ್ 20-21ಕ್ಕೆ ಇಟ್ಟುಕೊಂಡಿದ್ದಾರೆ. ಅದೇ ಸರಿ. ಹಬ್ಬ ನೆಲದ ಋತುವನ್ನು ಅನುಸರಿಸಬೇಕು.

ಅಮೆರಿಕದಲ್ಲಿ ಈ ಹಬ್ಬ ಇನ್ನೊಂದು ಒಳ್ಳೆಯ ರೂಪ ಪಡೆದಿದೆ. 1998ರಿಂದ ಶರದ್ ವಿಷುವದ ಸುತ್ತಮುತ್ತ ಅಲ್ಲಿನ ಊರೂರುಗಳಲ್ಲಿ ಪೇಗನ್ ಪ್ರೈಡ್ ಡೇ ನಡೆಯುತ್ತದೆ. ಉದ್ಯಾನಗಳಲ್ಲಿ ಎಲ್ಲರೆದುರೇ ಪೂಜೆ, ಸಂಗೀತ, ಮಾರಾಟದ ಮಳಿಗೆಗಳು. ಯಾರು ಬೇಕಾದರೂ ಬಂದು ಪ್ರಶ್ನೆ ಕೇಳಬಹುದು. ಮಾಟಗಾತಿಯರೆಂದು ಕೆಲಸ, ಮನೆ ಕಳೆದುಕೊಳ್ಳುವ ಭಯದಲ್ಲಿ ಬದುಕಿದ ಜನಕ್ಕೆ ಹೀಗೆ ಹಗಲಲ್ಲಿ ಕಾಣಿಸಿಕೊಳ್ಳುವುದೇ ದೊಡ್ಡದು. ಸಂಘಟಕರಿಗೆ ಅಲ್ಲಿ ಒಂದು ಕಡ್ಡಾಯ ನಿಯಮವಿದೆ: ಬಂದವರಿಂದ ಆಹಾರ ಪದಾರ್ಥ ಸಂಗ್ರಹಿಸಿ ಊರಿನ ಹಸಿದವರಿಗಾಗಿ ಫುಡ್ ಬ್ಯಾಂಕಿಗೆ ಕೊಡಬೇಕು. ಸುಗ್ಗಿ ಹಬ್ಬಕ್ಕೆ ಇದಕ್ಕಿಂತ ಸರಿಯಾದ ವಿಧಿ ನನಗೆ ತೋಚುವುದಿಲ್ಲ. ನಮ್ಮ ಹಬ್ಬಗಳನ್ನು ನಡೆಸುವ ಸಮಿತಿಗಳೂ ಈ ಒಂದು ನಿಯಮವನ್ನು ಕಡ ತಂದುಕೊಳ್ಳಲಿ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಸೆಪ್ಟೆಂಬರಿನಲ್ಲಿ ಸ್ಟೋನ್‌ಹೆಂಜ್‌ಗೆ ಹೋಗುವುದಾದರೆ ವಿಷುವದ ಬೆಳಗನ್ನೇ ಆರಿಸಿಕೊಳ್ಳಿ. ಉಳಿದ ದಿನಗಳಲ್ಲಿ ಸಾಮಾನ್ಯ ಟಿಕೆಟ್ ಕೊಂಡವರು ಕಲ್ಲುಗಳನ್ನು ಹಗ್ಗದಾಚೆಯಿಂದ ನೋಡಬೇಕು; ಆ ಮುಂಜಾನೆ ಸ್ವಲ್ಪ ಹೊತ್ತು ಅವುಗಳ ನಡುವೆಯೇ ನಿಲ್ಲಬಹುದು, ಪ್ರವೇಶ ಉಚಿತ. ಜೂನಿನ ನೂಕುನುಗ್ಗಲೂ ಇರುವುದಿಲ್ಲ. ನಿಖರ ದಿನ, ಹೊತ್ತನ್ನು ಇಂಗ್ಲಿಷ್ ಹೆರಿಟೇಜ್ ಪ್ರತಿವರ್ಷ ಮುಂಚಿತವಾಗಿ ಪ್ರಕಟಿಸುತ್ತದೆ. ಕಲ್ಲುಗಳ ಮೇಲೆ ಹತ್ತುವಂತಿಲ್ಲ, ಮದ್ಯ ಒಯ್ಯುವಂತಿಲ್ಲ. ಹುಲ್ಲು ಇಬ್ಬನಿಯಿಂದ ತೊಯ್ದಿರುತ್ತದೆ, ಚಳಿಯೂ ಇರುತ್ತದೆ. ಬೆಚ್ಚನೆಯ ಬಟ್ಟೆ, ಗಟ್ಟಿ ಬೂಟು ಹಾಕಿಕೊಂಡು ಹೋಗಿ.